ಊರಿನ ಪ್ರಶ್ನೆ: ಅರ್ಜಿಗೆ ಸೀಲು ಹಾಕಿಸಿಕೊಂಡ್ರಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪಂಚಾಯ್ತಿ, ನಗರಸಭೆಗಳ ಮೇಲಿನ ಸಿಟ್ಟೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯವರು ಬರೆದಿದ್ದೀರಿ. ಉತ್ತರಕ್ಕೆ ಮುಂಚೆ ನನ್ನದೊಂದು ಕಥೆ ಕೇಳಿ. ನಮ್ಮ ಬೀದಿಯಲ್ಲಿ ನೀರಿನ ಪೈಪ್ ಒಡೆದು ಎಂಟು ತಿಂಗಳು ಸೋರಿತು. ದಾರಿಯಲ್ಲಿ ಸಿಕ್ಕಾಗೆಲ್ಲ ಸದಸ್ಯರಿಗೆ ಹೇಳಿದೆ, ಆಫೀಸಿಗೆ ಹೋಗಿ ಹೇಳಿದೆ, ಫೋನ್ ಮಾಡಿ ಕೂಗಾಡಿದೆ. ಕೊನೆಗೆ ಅಲ್ಲಿನ ಗುಮಾಸ್ತರೊಬ್ಬರು ತಣ್ಣಗೆ ಕೇಳಿದರು, "ಎಲ್ಲಿ ಸಾರ್ ನಿಮ್ಮ ಅರ್ಜಿ?" ಒಂದೂ ಇರಲಿಲ್ಲ. ಎಂಟು ತಿಂಗಳು ನಾನು ಗಾಳಿಗೆ ದೂರು ಕೊಟ್ಟಿದ್ದೆ. ಅವತ್ತೇ ಬರೆದು ಕೊಟ್ಟೆ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆ. ಒಂಬತ್ತನೇ ದಿನಕ್ಕೆ ಪೈಪ್ ರಿಪೇರಿ. ತಪ್ಪು ಅವರದ್ದೂ ಇತ್ತು, ಆದರೆ ಅವರ ತಪ್ಪಿಗೆ ನನ್ನ ಹತ್ತಿರ ದಾಖಲೆಯೇ ಇರಲಿಲ್ಲ, ಅಲ್ವಾ?

ನಮ್ಮೂರಲ್ಲಿ ಗ್ರಾಮ ಸಭೆ ನಡೆದದ್ದನ್ನು ನಾನು ಕಂಡಿಲ್ಲ. ಆದರೆ ಪುಸ್ತಕದಲ್ಲಿ ವರ್ಷಕ್ಕೆ ಎರಡು ಸಲ ನಡೆದಿದೆಯಂತೆ. ವಾಟರ್‌ಮ್ಯಾನ್ ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋಗ್ತಾನೆ. ನಾನೂ ಹಾಕಿದ್ದೇನೆ. ಈಗೇನು ಮಾಡೋದು?
— ಮುಳಬಾಗಿಲು ತಾಲ್ಲೂಕಿನ ಒಬ್ಬ ರೈತ

ಮೊದಲು ಆ ಸಹಿ ಹಾಕೋದನ್ನು ನಿಲ್ಲಿಸಿ ಸ್ವಾಮಿ! ನೀವು ಮನೆ ಜಗಲಿಯಲ್ಲಿ ಕೂತು ಹಾಕಿದ ಸಹಿ ಪುಸ್ತಕದಲ್ಲಿ "ಸಭೆಗೆ ಹಾಜರಿದ್ದರು" ಅಂತ ಆಗಿರುತ್ತೆ. ನಾಳೆ ನೀವೇ ಹೋಗಿ "ಸಭೆಯೇ ನಡೆದಿಲ್ಲ" ಅಂದರೆ ಅವರು ನಿಮ್ಮ ಸಹಿಯನ್ನೇ ನಿಮಗೆ ತೋರಿಸ್ತಾರೆ.

ಗ್ರಾಮ ಸಭೆ ಅಂದರೆ ಪಂಚಾಯ್ತಿ ಸದಸ್ಯರ ಸಭೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ಬೇರೆ, ಅದು ಸಾಮಾನ್ಯ ಸಭೆ. ಗ್ರಾಮ ಸಭೆ ನಿಮ್ಮದು. ಪಂಚಾಯ್ತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ, ನಿಮ್ಮ ಮನೆ ಅಜ್ಜಿಯೂ ಸೇರಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಬಂದದ್ದು 1993ರಲ್ಲಿ. ಅದರ ಪ್ರಕಾರ ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ಆಗಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಯಾರಿಗೆ ಮನೆ ಬೇಕು, ಯಾವ ಬೀದಿಗೆ ಚರಂಡಿ ಬೇಕು ಅನ್ನೋದೆಲ್ಲ ವಾರ್ಡ್ ಸಭೆಯಲ್ಲಿ ಪಟ್ಟಿಯಾಗಿ ಗ್ರಾಮ ಸಭೆಗೆ ಬರಬೇಕು. ಗ್ರಾಮ ಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಾತಿ, ಕೂಡ ಇದೆ: ಒಟ್ಟು ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಆ ನೂರು ಜನ ಸೇರೋದಿಲ್ಲ ಅಂತಲೇ ವಾಟರ್‌ಮ್ಯಾನ್ ಕೈಯಲ್ಲಿ ಪುಸ್ತಕ ಕೊಟ್ಟು ಮನೆಮನೆಗೆ ಅಟ್ಟೋದು. ಪಾಪ, ಅವನ ಮೇಲೆ ಸಿಟ್ಟಾಗಬೇಡಿ.

ಈಗ ಮಾಡಬೇಕಾದ್ದು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಒಂದು ಅರ್ಜಿ ಬರೆಯಿರಿ, ಮುಂದಿನ ವಾರ್ಡ್ ಸಭೆ ಮತ್ತು ಗ್ರಾಮ ಸಭೆಯ ದಿನಾಂಕ ತಿಳಿಸಿ, ಡಂಗುರ ಸಾರಿಸಿ, ನೋಟಿಸ್ ಬೋರ್ಡಿಗೂ ಹಾಕಿ ಅಂತ. ಒಬ್ಬರೇ ಸಹಿ ಮಾಡಬೇಡಿ, ಹತ್ತಿಪ್ಪತ್ತು ಜನ ಮಾಡಿ, ಅದರಲ್ಲಿ ಹೆಂಗಸರೂ ಇರಲಿ. ಇನ್ನೊಂದು ಪ್ರತಿಗೆ ಸೀಲು. ಹಾಗೂ ಬಗ್ಗಲಿಲ್ಲ ಅಂದರೆ, ಸದಸ್ಯರಲ್ಲಿ ಅಂದರೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಜನ ವಿಷಯಗಳ ಪಟ್ಟಿ ಸಮೇತ ಬರೆದು ಕೇಳಿದರೆ ವಿಶೇಷ ಗ್ರಾಮ ಸಭೆ ಕರೆಯಬೇಕು ಅಂತಲೂ ಕಾಯ್ದೆಯಲ್ಲಿದೆ.

ಹಿಂದಿನ ಸಭೆಗಳ ನಡಾವಳಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಇದು ಗೊತ್ತಿಲ್ಲದೆ ಜನ ಊರಿನ ಪುರಾಣವನ್ನೆಲ್ಲ ನಾಲ್ಕು ಪುಟ ಬರೆದು ಕೊಡ್ತಾರೆ, ಅವರು ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. "ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಗ್ರಾಮ ಸಭೆ ನಡಾವಳಿ ಮತ್ತು ಹಾಜರಾತಿ ಪುಟಗಳ ದೃಢೀಕೃತ ಪ್ರತಿ" — ಇಷ್ಟೇ ಕೇಳಿ. 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ. ಹಾಜರಾತಿ ಪುಟ ಕೈಗೆ ಬಂದಾಗ ಊರವರ ಎದುರೇ ಓದಿ ನೋಡಿ. ಸತ್ತವರೂ ಸಭೆಗೆ ಬಂದಿದ್ದಾರೆ ಅಂತ ಗೊತ್ತಾಗೋದು ಅಲ್ಲೇ.

ಇನ್ನೊಂದು ವಿಷಯ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ಅಂತ ನಡೆಯುತ್ತೆ. ಹಿಂದಿನ ಹಣಕಾಸು ವರ್ಷದ ಲೆಕ್ಕವನ್ನು ಜನರ ಮುಂದೆ ಇಟ್ಟು, ಕಾಮಗಾರಿ ಸ್ಥಳಕ್ಕೂ ಹೋಗಿ ನೋಡೋದು. ಅಲ್ಲಿಗೆ ತಪ್ಪದೆ ಹೋಗಿ. ಅಳತೆ ಟೇಪ್ ಒಂದು ಜೇಬಿನಲ್ಲಿರಲಿ.

ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬಂದ ಮೇಲೆ ಬತ್ತಿದ್ದ ಬೋರ್‌ನಲ್ಲಿ ನೀರು ಬಂತು. ಖುಷಿಯೂ ಇದೆ, ಭಯವೂ ಇದೆ. ಆ ಬೋರ್ ನೀರು ಕುಡಿಯಬಹುದಾ? ಟಿಡಿಎಸ್ ಮೀಟರ್ ಹಾಕಿದರೆ ಪರವಾಗಿಲ್ಲ ಅಂತ ತೋರಿಸುತ್ತೆ.
— ಕೋಲಾರ ತಾಲ್ಲೂಕಿನ ಒಬ್ಬ ಗೃಹಿಣಿ

ಅಮ್ಮ, ಆ ಟಿಡಿಎಸ್ ಮೀಟರನ್ನು ಪಕ್ಕಕ್ಕಿಡಿ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಹೇಳುತ್ತೆ, ಅಷ್ಟೇ ಅದರ ಕೆಲಸ. ನಮ್ಮ ಕಡೆಯ ಹಳೇ ಶತ್ರು ಫ್ಲೋರೈಡ್. ಅದು ಎಷ್ಟಿದೆ ಅಂತ ಆ ಮೀಟರ್ ಹೇಳೋದಿಲ್ಲ. ನೈಟ್ರೇಟ್ ಎಷ್ಟಿದೆ, ರೋಗಾಣು ಇದೆಯಾ ಅಂತಲೂ ಹೇಳೋದಿಲ್ಲ.

ಯೋಜನೆಯ ಬಗ್ಗೆ ಗೊಂದಲ ಜಾಸ್ತಿ ಇರೋದರಿಂದ ಎರಡು ಮಾತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಜಿಲ್ಲೆಗೆ ತರ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿದ್ದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು, ಕೋರ್ಟಿಗೆ ಹೋಯಿತು, ನಿಂತಿತು, ಮತ್ತೆ ಹರಿಯಿತು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಇಂಥದ್ದೇ ಇನ್ನೊಂದು, ದಿನಕ್ಕೆ 21 ಕೋಟಿ ಲೀಟರ್. ಎರಡರ ಉದ್ದೇಶವೂ ಒಂದೇ, ಕೆರೆ ತುಂಬಿ ನೀರು ನೆಲಕ್ಕೆ ಇಂಗಬೇಕು. ಕೆರೆಯಿಂದ ನೇರ ಪಂಪ್ ಹಾಕಿ ಎತ್ತುವಂತಿಲ್ಲ, ಕುಡಿಯೋದಕ್ಕಂತೂ ಅಲ್ಲವೇ ಅಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನ ಹೋರಾಟಗಾರರು ಮೊದಲಿಂದ ಕೇಳ್ತಾ ಬಂದಿದ್ದಾರೆ. ನನ್ನ ಕೇಳಿದರೆ ಅದು ನ್ಯಾಯವಾದ ಬೇಡಿಕೆ. ಹಾಗಂತ ಸಾವಿರದೈನೂರು ಅಡಿ ಕೊರೆದರೂ ಧೂಳು ಬರ್ತಿದ್ದ ಜಾಗದಲ್ಲಿ ನೀರು ನೋಡಿದವರಿಗೆ "ಬೇಡ ಅನ್ನಿ" ಅಂತ ಹೇಳೋ ಧೈರ್ಯ ನನಗಿಲ್ಲ.

ನಿಮ್ಮ ಪ್ರಶ್ನೆಗೆ ಬರೋಣ. ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿಗೆ ಐದು ಜನ ಹೆಂಗಸರಿಗೆ ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಆ ಐವರು ಯಾರು ಅಂತ ಆಶಾ ಕಾರ್ಯಕರ್ತೆಯನ್ನೋ ಪಂಚಾಯ್ತಿಯನ್ನೋ ಕೇಳಿ. ಕಿಟ್ ಬೀರುವಿನಲ್ಲೇ ಕೂತಿರಬಹುದು, ಹೊರಗೆ ತೆಗೆಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲ ಅಂದಾಗ 1.5ರವರೆಗೆ ಒಪ್ಪಬಹುದು ಅನ್ನುತ್ತೆ ಮಾನದಂಡ. ನೈಟ್ರೇಟ್ 45 ಮೀರಬಾರದು. ಕಿಟ್‌ನಲ್ಲಿ ಭಾರ ಲೋಹಗಳು ಗೊತ್ತಾಗೋದಿಲ್ಲ, ಅದಕ್ಕೆ ಜಿಲ್ಲಾ ಮಟ್ಟದ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಪಂಚಾಯ್ತಿ ಮೂಲಕ ಕಳಿಸಿ, ವರದಿಯ ಪ್ರತಿ ಕೇಳಿ ಪಡೆಯಿರಿ. ಒಂದು ಸಲ ಮಾಡಿಸಿ ಬಿಡಬೇಡಿ, ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಒಂದು.

ಮತ್ತೆ, ಕುದಿಸಿದರೆ ಫ್ಲೋರೈಡ್ ಹೋಗುತ್ತೆ ಅನ್ನೋದು ಸುಳ್ಳು. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ವರದಿ ಬರೋವರೆಗೆ ಊರಿನ ಶುದ್ಧ ನೀರಿನ ಘಟಕಕ್ಕೇ ಹೋಗಿ ಕಾಯಿನ್ ಹಾಕಿ. ಆ ಘಟಕದ ಫಿಲ್ಟರ್ ಕೊನೇ ಸಲ ಬದಲಾಯಿಸಿದ್ದು ಯಾವಾಗ ಅಂತಲೂ ಒಂದು ಮಾತು ಕೇಳಿಬಿಡಿ.

ನಾವು ಹದಿನೈದು ಜನ ಹುಡುಗರು ಸೇರಿ ನಮ್ಮೂರ ಕೆರೆ ಹೂಳೆತ್ತಬೇಕು ಅಂತ ದುಡ್ಡು ಸೇರಿಸಿದ್ದೇವೆ. ಜೆಸಿಬಿಯವರೂ ಒಪ್ಪಿದ್ದಾರೆ. ಯಾರದ್ದಾದರೂ ಅನುಮತಿ ಬೇಕಾ? ನಮ್ಮೂರ ಕೆರೆ ತಾನೇ?
— ಶಿಡ್ಲಘಟ್ಟದಿಂದ

ಶಭಾಷ್, ಆದರೆ ಜೆಸಿಬಿಯವರಿಗೆ ಸ್ವಲ್ಪ ತಡೀರಿ ಅನ್ನಿ.

ನಿಮ್ಮೂರ ಕೆರೆಯೇ, ಆದರೆ ದಾಖಲೆಯಲ್ಲಿ ಅದಕ್ಕೆ ಯಜಮಾನರು ಇರ್ತಾರೆ. ಅಚ್ಚುಕಟ್ಟು, ಅಂದರೆ ಆ ಕೆರೆಯಿಂದ ನೀರು ಹರಿಯೋ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಗೆ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ಯಾರದ್ದು ಅಂತ ಪಂಚಾಯ್ತಿಯಲ್ಲಿ ಕೇಳಿ, ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾಳೆ ಯಾರೋ ಒಬ್ಬರು "ಮಣ್ಣು ಮಾರ್ಕೊಂಡ್ರು" ಅಂತ ದೂರು ಕೊಟ್ಟರೆ, ಒಳ್ಳೇ ಕೆಲಸ ಮಾಡಿದ ನೀವೇ ಠಾಣೆಯಲ್ಲಿ ಕೂರಬೇಕಾಗುತ್ತೆ. ಗೋಡು, ಅಂದರೆ ತೆಗೆದ ಹೂಳು ಮಣ್ಣು, ರೈತರ ಹೊಲಕ್ಕೆ ಹೋದರೆ ಯಾರಿಗೂ ಬೇಜಾರಿಲ್ಲ, ಇಟ್ಟಿಗೆ ಗೂಡಿಗೆ ಹೋದರೆ ಗಲಾಟೆ ಶುರು. ಎಷ್ಟು ಟ್ರ್ಯಾಕ್ಟರ್ ಲೋಡು, ಯಾರ ಹೊಲಕ್ಕೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನು ಅಗೆಯೋ ವಿಷಯ. ನಮ್ಮ ಹಿರಿಯರು ಹೂಳು ತೆಗೀತಿದ್ದದ್ದು ಪದರ ಪದರವಾಗಿ. ಈಗಿನವರು ಜೆಸಿಬಿ ಇಳಿಸಿದರೆ ಬಾವಿ ತೋಡಿದ ಹಾಗೆ ಅಲ್ಲೊಂದು ಇಲ್ಲೊಂದು ಗುಂಡಿ ಹೊಡೆದು ಹೋಗ್ತಾರೆ. ಆ ಗುಂಡಿಯಲ್ಲಿ ನೀರು ನಿಂತು, ದನ ಮೇಯಿಸೋ ಮಕ್ಕಳು ಈಜಲು ಇಳಿದು ಸತ್ತ ಸುದ್ದಿ ಪ್ರತಿ ವರ್ಷ ಓದ್ತೀವಿ. ಏರಿಯ ಬುಡಕ್ಕೆ ಹತ್ತಿರ ಅಗೆಯಬೇಡಿ, ಏರಿ ಸಡಿಲ ಆಗುತ್ತೆ. ತೂಬಿನ ಮಟ್ಟಕ್ಕಿಂತ ತೀರಾ ಕೆಳಗೆ ಹೋದರೆ ಆ ನೀರು ಹೊಲಕ್ಕೆ ಹರಿಯೋದೂ ಇಲ್ಲ. ಏರಿ ಮೇಲೆ ಬೆಳೆದ ಜಾಲಿಯ ಬೇರು ಒಳಗೆ ತೂರಿ ದಾರಿ ಮಾಡಿಕೊಂಡಿರುತ್ತೆ, ಅದನ್ನು ಇಲಾಖೆ ಎಂಜಿನಿಯರ್ ನೋಡದೆ ಬುಡಸಮೇತ ಕೀಳಬೇಡಿ.

ನಿಜ ಹೇಳಲಾ? ನಿಮ್ಮ ದುಡ್ಡು ಕಡಿಮೆ ಇದ್ದರೆ ಹೂಳಿಗೆ ಕೈ ಹಾಕಲೇಬೇಡಿ. ಕಾಲುವೆಗೆ ಹಾಕಿ. ಕೆರೆಗೆ ನೀರು ತರೋ ರಾಜಕಾಲುವೆ ಮುಚ್ಚಿಹೋಗಿದ್ದರೆ ಕೆರೆಯನ್ನು ಎಷ್ಟು ಆಳ ಮಾಡಿದರೂ ಒಣಗಿದ ತಟ್ಟೆಯೇ. ಒಂದು ಭಾನುವಾರ ಎಲ್ಲರೂ ಸೇರಿ ಮೇಲಿನ ಕೆರೆಯ ಕೋಡಿಯಿಂದ ನಿಮ್ಮ ಕೆರೆವರೆಗೆ ಕಾಲುವೆಗುಂಟ ನಡೆದು ಬನ್ನಿ, ಕೈಯಲ್ಲಿ ಊರಿನ ಸರ್ವೆ ನಕ್ಷೆ ಇರಲಿ, ಜೊತೆಗೆ ಕೆರೆ ನೀರು ಬಿಡೋ ಕೆಲಸ ನೋಡ್ತಿದ್ದ ಹಳೇ ನೀರಗಂಟಿ ಮನೆತನದ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಯಾಕಂದರೆ ನಕ್ಷೆಯಲ್ಲಿ ಇಲ್ಲದ್ದು ಅವರ ತಲೆಯಲ್ಲಿರುತ್ತೆ. ಎಲ್ಲಿ ಹೊಲವಾಗಿದೆ, ಎಲ್ಲಿ ಲೇಔಟ್ ಆಗಿದೆ ಅಂತ ಗುರುತು ಮಾಡಿ. ಒತ್ತುವರಿ ಕಂಡರೆ ನೀವು ಜಗಳಕ್ಕೆ ನಿಲ್ಲಬೇಡಿ. ತಹಶೀಲ್ದಾರ್‌ಗೆ ಸರ್ವೆ ನಂಬರ್ ಸಮೇತ ಬರೆದು, ಅಳತೆ ಮಾಡಿಸಿ ಅಂತ ಕೇಳಿ. ಹೌದು, ಅದಕ್ಕೂ ಸೀಲು.

ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತೆಲ್ಲ ಇದೆ. ಯಾಕೆ? ರಿಯಾಯಿತಿ ಏನಾದರೂ ಸಿಗುತ್ತಾ?
— ತುಮಕೂರು ನಗರದಿಂದ

ಸಿಗುತ್ತೆ. ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ. 5 ಕಡಿಮೆ. ಆಮೇಲೆ ಜೂನ್‌ವರೆಗೆ ದಂಡವಿಲ್ಲ, ಅದಾದ ಮೇಲೆ ತಿಂಗಳಿಗೆ ಶೇ. 2 ಸೇರ್ತಾ ಹೋಗುತ್ತೆ. ಕೆಲವು ವರ್ಷ ಸರ್ಕಾರ ರಿಯಾಯಿತಿ ಅವಧಿ ವಿಸ್ತರಿಸುತ್ತೆ, ಅದನ್ನು ನಂಬಿ ಕೂರಬೇಡಿ.

ಗ್ರಂಥಾಲಯ ಕರ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ, ಭಿಕ್ಷುಕರ ಕರ ಮೂರು ಪೈಸೆ. ಪಾಲಿಕೆ ಇವನ್ನು ವಸೂಲಿ ಮಾಡಿ ಆಯಾ ಇಲಾಖೆಗೆ ಕೊಡಬೇಕು. ಕೊಡೋದು ಎಷ್ಟು ತಡ ಆಗುತ್ತೆ ಅನ್ನೋದು ಬೇರೆ ಕಥೆ. ಗ್ರಂಥಾಲಯ ಕರ ಕಟ್ಟೋರು ವರ್ಷಕ್ಕೊಮ್ಮೆಯಾದರೂ ಗ್ರಂಥಾಲಯದ ಮೆಟ್ಟಿಲು ಹತ್ತಬೇಕು ಅಂತ ನನ್ನ ಆಸೆ, ಕಟ್ಟಿದ ದುಡ್ಡಿಗಾದರೂ.

ನಮ್ಮ ಪಂಚಾಯ್ತಿ ಗ್ರಂಥಾಲಯಕ್ಕೆ ಯಾವಾಗ ಹೋದರೂ ಬೀಗ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಎರಡು ಸಲ ವಾಪಸ್ ಬಂದೆ.
— ಗೌರಿಬಿದನೂರು ತಾಲ್ಲೂಕಿನ ಒಬ್ಬ ಶಿಕ್ಷಕಿ

ಮೇಡಂ, ಈಗಷ್ಟೇ ಆರು ಪೈಸೆ ವಿಷಯ ಹೇಳಿದೆ ನೋಡಿ, ಹಳ್ಳಿಯಲ್ಲೂ ಅದೇ. ಈ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಅಂದರೆ ಹೊಣೆ ಈಗ ಪಂಚಾಯ್ತಿಯದ್ದೇ. ಹೆಸರೂ "ಅರಿವು ಕೇಂದ್ರ" ಅಂತಾಗಿದೆ. 2020ರಲ್ಲಿ "ಓದುವ ಬೆಳಕು" ಅಂತ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಕೆಲವು ಊರುಗಳಲ್ಲಿ ಇದು ನಿಜಕ್ಕೂ ಚೆನ್ನಾಗಿ ನಡೀತಿದೆ, ಗೋಡೆಗೆ ಬಣ್ಣ, ಕಂಪ್ಯೂಟರ್, ಚೆಸ್ ಬೋರ್ಡ್, ಸಂಜೆ ಹೊತ್ತು ಮಕ್ಕಳ ಗದ್ದಲ. ಪಕ್ಕದ ಪಂಚಾಯ್ತಿಯಲ್ಲಿ ಬೀಗ. ಎರಡಕ್ಕೂ ಯೋಜನೆ ಒಂದೇ. ಮೇಲ್ವಿಚಾರಕರಿಗೆ ಸಿಗೋದು ಗೌರವಧನ, ಅದೂ ಸರಿಯಾಗಿ ಸಿಗದಿದ್ದರೆ ಅವರು ಇನ್ನೊಂದು ಕೆಲಸ ಹುಡುಕ್ತಾರೆ, ಇದನ್ನೂ ನೋಡಬೇಕು. ಒಂದು ಸಲ ಅವರ ಜೊತೆ ಕೂತು ಮಾತಾಡಿ, ನಿಮ್ಮ ಶಾಲೆ ಬಿಡೋ ಹೊತ್ತಿಗೆ ಬಾಗಿಲು ತೆಗೆಯೋ ಹಾಗೆ ಸಮಯ ಹೊಂದಿಸಬಹುದಾ ಕೇಳಿ.

ಅದೂ ಆಗದಿದ್ದರೆ ನಿಮ್ಮ ಹತ್ತಿರ ದೊಡ್ಡ ಅಸ್ತ್ರ ಇದೆ: ಮಕ್ಕಳ ಗ್ರಾಮ ಸಭೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮಾಡ್ತಾರೆ. ಅಲ್ಲಿ ಮಕ್ಕಳಿಗೆ ಸ್ವಾಗತ ಗೀತೆ ಹಾಡಿಸಿ, ಬಿಸ್ಕತ್ತು ಕೊಟ್ಟು ಕಳಿಸೋಕೆ ಬಿಡಬೇಡಿ. ಮೊದಲೇ ತರಗತಿಯಲ್ಲಿ ಪ್ರಶ್ನೆ ಬರೆಸಿ. "ಸಾರ್, ಲೈಬ್ರರಿ ಯಾಕೆ ಬೀಗ?" ಅಂತ ಐದನೇ ಕ್ಲಾಸಿನ ಹುಡುಗಿ ಮೈಕಿನಲ್ಲಿ ಕೇಳಿದರೆ ಪಿಡಿಒ ಏನಂತ ಹೇಳ್ತಾರೆ? ನಿಮಗೆ ಕೊಟ್ಟ ಉತ್ತರವನ್ನು ಅವಳಿಗೆ ಕೊಡೋದು ಕಷ್ಟ. ಕೇಳಿದ್ದು ನಡಾವಳಿಯಲ್ಲಿ ಬರೀತಿದ್ದಾರಾ ಅಂತ ನೀವು ಪಕ್ಕದಲ್ಲಿ ನಿಂತು ನೋಡಿ.

ನಮ್ಮ ಕ್ಷೇತ್ರದ ಜಿಲ್ಲಾ ಪಂಚಾಯ್ತಿ ಸದಸ್ಯರು ಯಾರು ಅಂತ ಗೊತ್ತಾಗ್ತಿಲ್ಲ.
— ಗುಡಿಬಂಡೆಯಿಂದ

ಹೇಗೆ ಗೊತ್ತಾಗುತ್ತೆ? ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ವರ್ಷಗಟ್ಟಲೆ ಎಳೆದಾಡಿ, ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಸದಸ್ಯರಿಲ್ಲದ ಕಡೆ ನಿಮ್ಮ ಅರ್ಜಿ ನೇರ ಇಒ ಅಥವಾ ಜಿಲ್ಲಾ ಪಂಚಾಯ್ತಿ ಸಿಇಒ ಅವರಿಗೆ. 1902ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು, ನಂಬರ್ ಬರೆದಿಟ್ಟುಕೊಳ್ಳಿ.

ಈ ಸಲ ನಮ್ಮ ವಾರ್ಡ್ ಮಹಿಳಾ ಮೀಸಲು ಬಂದರೆ ನಿಲ್ಲಬೇಕಂತ ಇದ್ದೇನೆ. ಮನೆಯವರು "ನೀನು ಸುಮ್ನೆ ನಿಲ್ಲು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತಾರೆ. ಹಾಗೆ ಮಾಡಬಹುದಾ?
— ಪಾವಗಡದಿಂದ ಒಬ್ಬ ಸಹೋದರಿ

ನಿಲ್ಲಿ ತಾಯಿ, ಖಂಡಿತ ನಿಲ್ಲಿ. ಮಿಕ್ಕಿದ್ದನ್ನೂ ನೀವೇ ನೋಡಿಕೊಳ್ಳಿ.

ಗೆದ್ದ ಹೆಂಗಸಿನ ಬದಲು ಗಂಡ ಬಂದು ಸಭೆಯಲ್ಲಿ ಕೂರೋದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಯ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಅರ್ಧ ಕುರ್ಚಿಯಲ್ಲಿ ಹೆಂಗಸರು ಕೂರಬೇಕಾದ ಕಡೆ ಗಂಡಂದಿರೇ ಕಾಣಿಸಿದರೆ ಆ ಮೀಸಲಾತಿ ಯಾಕೆ ಬೇಕಿತ್ತು? ಮಹಿಳಾ ಮೀಸಲೇ ಬರಬೇಕು ಅಂತಲೂ ಇಲ್ಲ, ಸಾಮಾನ್ಯ ಸ್ಥಾನಕ್ಕೂ ನೀವು ನಿಲ್ಲಬಹುದು. 21 ವರ್ಷ ಆಗಿರಬೇಕು, ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಯಾರ ಬಾಗಿಲಲ್ಲೂ ಬಿ ಫಾರಂಗೆ ಕಾಯಬೇಕಿಲ್ಲ. ಈಗಿನಿಂದಲೇ ವಾರ್ಡ್ ಸಭೆಗೆ ಹೋಗಿ, ಹಿಂದಿನ ಬೆಂಚಲ್ಲಾದರೂ ಕೂತು ಕೇಳಿಸಿಕೊಳ್ಳಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರಿಗೆ ಪಂಚಾಯ್ತಿ ಲೆಕ್ಕ ಅರ್ಥ ಆಗೋದು ಕಷ್ಟ ಏನಲ್ಲ. ಗೆದ್ದ ಮೇಲೆ ಒಂದೇ ನಿಯಮ: ಓದದೆ ಎಲ್ಲೂ ಸಹಿ ಹಾಕಬೇಡಿ, ಚೆಕ್ಕಿಗಂತೂ ಬೇಡವೇ ಬೇಡ. ಸಹಿ ನಿಮ್ಮದು ಅಂದಮೇಲೆ ನೋಟಿಸ್ ಬರೋದೂ ನಿಮಗೇ, ಮನೆಯವರಿಗಲ್ಲ.

ಸೈಟಿಗೆ ಫಾರಂ 9, 11 (ಪಂಚಾಯ್ತಿ ಕೊಡೋ ಆಸ್ತಿ ದಾಖಲೆ) ಮಾಡಿಸಬೇಕು. ಮಧ್ಯವರ್ತಿ ಹೇಳಿದ ರೇಟು ಕೇಳಿ ತಲೆ ತಿರುಗಿತು.
— ಚಿಂತಾಮಣಿಯಿಂದ

ಮಧ್ಯವರ್ತಿ ಬೇಡ. ಕ್ರಯಪತ್ರ, ಕಂದಾಯ ರಸೀದಿ, ಭೂ ಪರಿವರ್ತನೆ ಆದೇಶ, ನಕ್ಷೆ ಇವು ಸರಿಯಾಗಿದ್ದರೆ ಪಂಚಾಯ್ತಿಯಲ್ಲಿ ನೀವೇ ಅರ್ಜಿ ಹಾಕಿ, ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕು ಅನ್ನೋ ಕಾಯ್ದೆ) ಸಂಖ್ಯೆ ಕೇಳಿ ಪಡೆಯಿರಿ. ಆ ಸಂಖ್ಯೆ ಇದ್ದರೆ ಗಡುವು ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಸಣ್ಣದು, ಆದರೆ ಅದು ಅಧಿಕಾರಿ ಸಂಬಳದಿಂದ ಹೋಗುತ್ತೆ, ಅದಕ್ಕೇ ಕೆಲಸ ಆಗೋದು. ಕಾಗದ ಸರಿ ಇಲ್ಲದಿದ್ದರೆ ಮಧ್ಯವರ್ತಿ ಮಾಡಿಸಿಕೊಡೋ ಫಾರಂ ನಾಳೆ ಬ್ಯಾಂಕಿನವರು ಸಾಲಕ್ಕೆ ಪರಿಶೀಲಿಸೋವಾಗ ನಿಲ್ಲೋದಿಲ್ಲ.

ನಮ್ಮ ಬೀದಿ ದೀಪ ಹಗಲೆಲ್ಲ ಉರಿಯುತ್ತೆ, ರಾತ್ರಿ ಆರಿರುತ್ತೆ. ಬೆಸ್ಕಾಂಗೆ ಹೇಳಿದರೆ ಪಂಚಾಯ್ತಿ ಅಂತಾರೆ, ಪಂಚಾಯ್ತಿಯವರು ಬೆಸ್ಕಾಂ ಅಂತಾರೆ.
— ಬಂಗಾರಪೇಟೆ ತಾಲ್ಲೂಕಿನಿಂದ

ಕಂಬ, ತಂತಿ, ಕರೆಂಟು ಬೆಸ್ಕಾಂದು. ದೀಪ, ಸ್ವಿಚ್ಚು, ಬಿಲ್ಲು ಪಂಚಾಯ್ತಿದು. ಹಗಲು ಉರಿದದ್ದರ ಬಿಲ್ಲೂ ಪಂಚಾಯ್ತಿಯೇ ಕಟ್ಟೋದು, ಅಂದರೆ ನೀವೇ. ಲೈನಿನಲ್ಲೇ ತೊಂದರೆ ಇದ್ದರೆ 1912, ಉಳಿದದ್ದಕ್ಕೆ ಪಂಚಾಯ್ತಿಗೆ ಅರ್ಜಿ.

ಅರ್ಜಿ ಬರೆಯೋ ಮುಂಚೆ ಆ ಸ್ವಿಚ್ ಯಾವ ಕಂಬದಲ್ಲಿದೆ, ಹಾಕಿ ತೆಗೆಯೋರು ಯಾರು ಅಂತ ಒಮ್ಮೆ ವಿಚಾರಿಸಿ. ನಮ್ಮ ಬೀದಿಯದ್ದು ನಮ್ಮ ಕಾಂಪೌಂಡಿನ ಹಿಂದಿನ ಕಂಬದಲ್ಲೇ ಇತ್ತು, ಆ ಕೆಲಸ ಒಪ್ಪಿಕೊಂಡಿದ್ದವರು ನಮ್ಮ ಮಾವನವರು, ಅವರಿಗೆ ಮಧ್ಯಾಹ್ನ ನಿದ್ದೆ ಜಾಸ್ತಿ.